ಕೈಗೆ ತಕ್ಕ ಮೌಸ್

ಬಳೆಗಾರ ಮೊದಲು ಬಣ್ಣ ಕೇಳುವುದಿಲ್ಲ. ಮುಂದೆ ಚಾಚಿದ ಕೈಯನ್ನು ಮೆಲ್ಲಗೆ ಒತ್ತಿ ನೋಡಿ ಅಳತೆ ತಿಳಿಯುತ್ತಾನೆ. ಬಣ್ಣದ ಮಾತು ಆಮೇಲೆ. ಚಪ್ಪಲಿ ಅಂಗಡಿಯಲ್ಲೂ ಅಷ್ಟೆ, ಮೆಟ್ಟಿ ನಾಲ್ಕು ಹೆಜ್ಜೆ ನಡೆದು ನೋಡದೆ ಯಾರೂ ದುಡ್ಡು ಕೊಡುವುದಿಲ್ಲ. ಆದರೆ ಗಂಟೆಗಟ್ಟಲೆ ಅಂಗೈಯ ಕೆಳಗೇ ಇರುವ ಕಂಪ್ಯೂಟರ್ ಮೌಸನ್ನು ಮಾತ್ರ ಜನ ಡಬ್ಬಿಯ ಮೇಲಿನ ಅಂಕಿ ನೋಡಿ, ಒಳಗೆ ಮಿನುಗುವ ದೀಪ ನೋಡಿ ಕೊಂಡು ತರುತ್ತಾರೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಬೇಸಿಗೆ ರಜೆಯಲ್ಲಿ ಅಪ್ಪ-ಮಗನ ಇಂಥ ಮಾತು ಕಿವಿಗೆ ಬೀಳುವುದುಂಟು.

‘ಅಪ್ಪಾ, ಇದಕ್ಕೆ ಹದಿನಾರು ಸಾವಿರ ಡಿಪಿಐ ಇದೆ.’

‘ಹಾಗಂದ್ರೆ ಏನೋ?’

‘ಜಾಸ್ತಿ ಇದ್ದಷ್ಟೂ ಗೇಮಿಗೆ ಒಳ್ಳೇದಪ್ಪಾ.’

‘ಗೇಮಿಗೆ ತಾನೇ? ಓದೋ ಹುಡುಗನಿಗೆ ಮುನ್ನೂರು ರೂಪಾಯಿದು ಸಾಕು, ನಡಿ.’

ಮಗ ಅಂಕಿಗೆ ಜೋತುಬಿದ್ದರೆ ಅಪ್ಪ ಬೆಲೆಗೆ ಜೋತುಬೀಳುತ್ತಾನೆ. ಹುಡುಗನ ಕೈಯನ್ನು ಮಾತ್ರ ಇಬ್ಬರೂ ನೋಡುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರ್ 1964ರಲ್ಲಿ ತಯಾರಿಸಿದ ಮೊದಲ ಮೌಸ್ ಒಂದು ಮರದ ಪೆಟ್ಟಿಗೆ. ಕೆಳಗೆ ಎರಡು ಚಕ್ರ, ಮೇಲೊಂದು ಗುಂಡಿ. ಆಮೇಲೆ ರಬ್ಬರ್ ಹೊದಿಸಿದ ಗುಂಡು ಉರುಳುವ ಮೌಸ್ ಬಂತು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತ ತಂದೆತಾಯಿಗಳಿಗೆ ಆ ಗುಂಡನ್ನು ಹೊರತೆಗೆದು, ಒಳಗೆ ಮೆತ್ತಿದ ಕೊಳೆಯನ್ನು ಉಗುರಿನಿಂದ ಕೆರೆದದ್ದು ನೆನಪಿರಬಹುದು. ಈಗ ಗುಂಡು ಇಲ್ಲ. ಮೌಸಿನ ಹೊಟ್ಟೆಯಡಿಯ ಸಣ್ಣ ದೀಪ ಮೇಜನ್ನು ಬೆಳಗುತ್ತದೆ. ಪುಟ್ಟ ಕ್ಯಾಮೆರಾವೊಂದು ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುತ್ತದೆ. ಅವುಗಳನ್ನು ಹೋಲಿಸಿ ಮೌಸ್ ಎತ್ತ, ಎಷ್ಟು ಸರಿಯಿತೆಂದು ಲೆಕ್ಕ ಹಾಕಲಾಗುತ್ತದೆ. ನುಣುಪಾದ ಗಾಜಿನ ಮೇಲೆ ಅನೇಕ ಮೌಸ್‌ಗಳು ತಡವರಿಸುವುದು ಇದರಿಂದಲೇ. ಹೋಲಿಸಲು ಅಲ್ಲಿ ಗುರುತುಗಳೇ ಸಿಗುವುದಿಲ್ಲ.

ಇನ್ನು ಹುಡುಗನ ಡಿಪಿಐ. ಮೌಸನ್ನು ಒಂದು ಅಂಗುಲ ಸರಿಸಿದರೆ ಪರದೆಯ ಬಾಣ ಎಷ್ಟು ಚುಕ್ಕಿ ದಾಟುತ್ತದೆ ಎಂಬುದೇ ಈ ಅಂಕಿ. ಮನೆಯ ಸಾಮಾನ್ಯ ಪರದೆಯ ಅಗಲ 1,920 ಚುಕ್ಕಿ ಎಂದಿಟ್ಟುಕೊಂಡರೆ, 800 ಡಿಪಿಐ ಮೌಸ್ ಆ ತುದಿಯಿಂದ ಈ ತುದಿಗೆ ಬರಲು 6 ಸೆಂಟಿಮೀಟರ್ ಸರಿಯಬೇಕು. 1,600ಕ್ಕೆ 3 ಸೆಂಟಿಮೀಟರ್ ಸಾಕು. ಹದಿನಾರು ಸಾವಿರಕ್ಕೆ? ಬರೀ 3 ಮಿಲಿಮೀಟರ್! ಉಸಿರು ಬಿಟ್ಟರೆ ಬಾಣ ಪರದೆಯ ಆಚೆಗಿರುತ್ತದೆ. ಪಳಗಿದ ಆಟಗಾರರಲ್ಲಿ ಹಲವರು ಇಟ್ಟುಕೊಳ್ಳುವುದು 400ರಿಂದ 1,600ರ ನಡುವೆ.

ಡಬ್ಬಿಯ ಮೇಲಿನ ಇನ್ನೊಂದು ಅಂಕಿ ‘1,000 ಹರ್ಟ್ಸ್’. ಸಾಧಾರಣ ಮೌಸ್ ಸೆಕೆಂಡಿಗೆ 125 ಬಾರಿ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ, ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಆಟದ ಮೌಸ್ 1 ಮಿಲಿಸೆಕೆಂಡಿಗೊಮ್ಮೆ. ಉಳಿದ 7 ಮಿಲಿಸೆಕೆಂಡಿನ ಬೆಲೆಯೆಷ್ಟು? ಇದಕ್ಕೆ ಒಂದು ಸ್ಕೇಲು ಸಾಕು. ಒಬ್ಬ ಸ್ಕೇಲನ್ನು ನೆಟ್ಟಗೆ ಇಳಿಬಿಟ್ಟು ಹಿಡಿದು, ಹೇಳದೆ ಕೈಬಿಡಲಿ. ಇನ್ನೊಬ್ಬ ಸೊನ್ನೆಯ ಗೆರೆಯ ಬಳಿ ಬೆರಳು ತೆರೆದಿಟ್ಟು ಹಿಡಿಯಲಿ. ಸ್ಕೇಲು 20 ಸೆಂಟಿಮೀಟರ್ ಜಾರಿದ್ದರೆ, ಬೀಳುವ ವಸ್ತುವಿನ ಸೂತ್ರದಂತೆ ಹಿಡಿಯಲು ತಗುಲಿದ್ದು ಸುಮಾರು 200 ಮಿಲಿಸೆಕೆಂಡು. ಕಣ್ಣು ಕಂಡು ಕೈ ಚಲಿಸಲು ಬೇಕಾಗುವ ಕಾಲವದು. 200ರ ಮುಂದೆ 7 ಎಷ್ಟರದು? ಸ್ಪರ್ಧೆಗಿಳಿಯುವ ಆಟಗಾರನಿಗೆ ಅದೂ ಲೆಕ್ಕಕ್ಕೆ ಬರಬಹುದು. ಮನೆಯ ಹುಡುಗನಿಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ.

ಅದು ಕೈ. ಬೆರಳನ್ನು ಮಡಿಸುವ ಬಲವಾದ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂತೆ ಹೊರಟ ಒಂಬತ್ತು ಸ್ನಾಯುರಜ್ಜುಗಳೂ ಅವುಗಳ ಜೊತೆಗೊಂದು ನರವೂ ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನುಸುಳಿ ಅಂಗೈಗೆ ಬರುತ್ತವೆ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಬೆರಳಾಡಿಸಿ, ಆಮೇಲೆ ನೇರವಾಗಿಟ್ಟು ಆಡಿಸಿ ನೋಡಿದರೆ ವ್ಯತ್ಯಾಸ ಯಾರಿಗೂ ತಿಳಿಯುತ್ತದೆ. ಮೌಸ್ ತೀರ ಚಿಕ್ಕದಾದರೆ ಬೆರಳುಗಳು ಮುದುಡಿ ಅದನ್ನು ಚಿವುಟಿ ಹಿಡಿಯಬೇಕು. ತೀರ ದೊಡ್ಡದಾದರೆ ಬೆರಳು ಚಾಚಿ ಗುಂಡಿ ಒತ್ತಬೇಕು. ಎರಡೂ ದಣಿವೇ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆಯುವುದು ಒಳ್ಳೆಯದು. ಈ ಕೆಲಸ ಅಪ್ಪನೇ ಮಾಡಲಿ. ಹೈಸ್ಕೂಲು ಮಗನ ಕೈ ಹಿಡಿದು ಎಷ್ಟೋ ವರ್ಷಗಳಾಗಿರುತ್ತವೆ. ಆ ಅಳತೆಯ ನೂರಕ್ಕೆ ಅರವತ್ತು ಪಾಲು ಮೌಸಿನ ಉದ್ದ ಎಂಬುದು ಸ್ಥೂಲವಾದ ಒಂದು ಲೆಕ್ಕ: 17 ಸೆಂಟಿಮೀಟರ್ ಕೈಗೆ ಸುಮಾರು 10 ಸೆಂಟಿಮೀಟರ್ ಮೌಸ್. ಇಡೀ ಅಂಗೈ ಒರಗಿಸಿ ಹಿಡಿಯುವವರಿಗೆ ಬೆನ್ನು ಉಬ್ಬಿದ, ತುಸು ಉದ್ದನೆಯದು ಹಿತ. ಬೆರಳ ತುದಿಯಿಂದಷ್ಟೇ ಆಡಿಸುವವರಿಗೆ ಚಿಕ್ಕದು, ಹಗುರವಾದದ್ದು ಸಾಕು. ಎಡಗೈಯವರಿಗೆ ಎರಡೂ ಬದಿ ಒಂದೇ ಆಕಾರವಿರುವ ಮೌಸ್ ಆದೀತು; ಬಲಗೈಗೆಂದೇ ತಿರುಚಿದ್ದು ಅವರಿಗೆ ಒಗ್ಗುವುದಿಲ್ಲ.

ಇಲ್ಲಿ ಹುಡುಗನ ಪರವಾಗಿಯೂ ಒಂದು ಮಾತು ಹೇಳಬೇಕು. ಆಟಕ್ಕೆಂದು ಮಾಡಿದ ಮೌಸೆಲ್ಲ ಬರೀ ಆಡಂಬರವಲ್ಲ. ಒಳ್ಳೆಯವು ಹಗುರವಾಗಿರುತ್ತವೆ, ಹಲವು ಆಕಾರಗಳಲ್ಲಿ ಸಿಗುತ್ತವೆ. ಕೈಗೆ ಕೂರುವಂಥದ್ದು ಸಿಕ್ಕರೆ ಸಂಜೆಯ ಆಟಕ್ಕೂ ಶಾಲೆಯ ಪ್ರಾಜೆಕ್ಟಿಗೂ ಅಪ್ಪನ ಕಚೇರಿ ಕೆಲಸಕ್ಕೂ ಅದೊಂದೇ ಆಗುತ್ತದೆ. ಅಗ್ಗವೆಂದು ತಂದ ಪುಟ್ಟ ಮೌಸ್ ಹಲವೊಮ್ಮೆ ಚೀಲದಲ್ಲಿ ಒಯ್ಯಲು ಮಾಡಿದ್ದು, ದಿನವಿಡೀ ಹಿಡಿಯಲು ಅಲ್ಲ. ಹಾಗೆಂದು ಎಷ್ಟೇ ಒಳ್ಳೆಯ ಮೌಸಾದರೂ ಎತ್ತರದ ಊಟದ ಮೇಜಿನ ಮೇಲಿಟ್ಟು ಭುಜ ಎತ್ತಿ ಕೂತರೆ ಪ್ರಯೋಜನವಿಲ್ಲ. ಮೊಣಕೈ ಸುಮಾರು ಲಂಬಕೋನದಲ್ಲಿರಬೇಕು. ಮೌಸ್ ಕೀಲಿಮಣೆಯ ಪಕ್ಕದಲ್ಲೇ ಇರಬೇಕು. ಅರ್ಧ ಗಂಟೆಗೊಮ್ಮೆ ಕೈ ಬಿಟ್ಟು ಎದ್ದೇಳಬೇಕು.

ಇವೆಲ್ಲಕ್ಕಿಂತ ಮಿಗಿಲಾದ ತೊಡಕು ಬೇರೆಯೇ ಇದೆ. ಕೈ ನೋವಾದರೆ ಹುಡುಗ ಮನೆಯಲ್ಲಿ ಹೇಳುವುದಿಲ್ಲ. ಹೇಳಿದರೆ ‘ಆಡಿದ್ದಕ್ಕೇ ಆಗಿದ್ದು, ನಾಳೆಯಿಂದ ಬಂದ್’ ಎಂಬ ತೀರ್ಪು ಬರುವುದು ಅವನಿಗೆ ಗೊತ್ತು. ನೋವು ನುಂಗಿಕೊಂಡು ಆಡುತ್ತಾನೆ. ಅನ್ನ ಕಲಸುವಾಗ ಹೆಬ್ಬೆರಳು ಉಜ್ಜಿಕೊಳ್ಳುವುದನ್ನೋ, ರಾತ್ರಿ ಕೈ ಜೋಮು ಹಿಡಿದು ಕೊಡವುವುದನ್ನೋ ಮೊದಲು ಗಮನಿಸುವವಳು ತಾಯಿ. ಜೋಮು ಮರುಕಳಿಸುತ್ತಿದ್ದರೆ ಮೌಸ್ ಬದಲಿಸಿ ಸುಮ್ಮನಾಗದೆ ವೈದ್ಯರಿಗೆ ತೋರಿಸಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ಪೆನ್ನು ಹಿಡಿಯಬೇಕಾದದ್ದೂ ಅದೇ ಕೈ.

ಆಟದ ಹೊತ್ತಿನ ಜಗಳ ಎಲ್ಲ ಮನೆಯಲ್ಲೂ ಇದ್ದದ್ದೇ, ಇರಲಿ. ಆದರೆ ‘ಕೈ ನೋಯುತ್ತೇನೋ?’ ಎಂದು ಕೇಳುವ ದಿನ ಆ ಜಗಳವನ್ನು ಬದಿಗಿಟ್ಟು ಕೇಳಿದರೆ, ಮಗ ನಿಜ ಹೇಳಿಯಾನು.