ದಬ್ಬಣ ಹಿಡಿದ ಮೇಷ್ಟರು

ಗುರುವಿನ ಮಹಿಮೆಯನ್ನು ಕೊಂಡಾಡುವುದು ನಮ್ಮ ಸಭೆ ಸಮಾರಂಭಗಳಲ್ಲಿ ಹಾರ ತುರಾಯಿಗಳಷ್ಟೇ ಸುಲಭವಾಗಿ ದೊರೆಯುವ ಉಪಚಾರವಾಗಿದೆ. ಶಿಷ್ಯನ ಹೆಬ್ಬೆರಳನ್ನು ದಕ್ಷಿಣೆಯಾಗಿ ಕೇಳಿದ ಆಚಾರ್ಯನೂ ಅದೇ ಪರಂಪರೆಗೆ ಸೇರಿದವನೆಂಬುದನ್ನು ಆಗ ಯಾರೂ ನೆನೆಯುವುದಿಲ್ಲ. ನಾನು ಸ್ಮರಿಸಹೊರಟಿರುವುದು ಅಂತಹ ಮಹಾಗುರುಗಳನ್ನಲ್ಲ. ಹೈಸ್ಕೂಲಿನಲ್ಲಿ ನಮಗೆ ಗಣಿತವನ್ನು ಕಲಿಸಿದ, ಮೊಳಕೈ ಸವೆದ ಕೋಟಿನ ಜೇಬಿನಲ್ಲಿ ಸದಾ ತುಂಡು ಸೀಮೆಸುಣ್ಣಗಳನ್ನು ಇರಿಸಿಕೊಂಡಿರುತ್ತಿದ್ದ ಒಬ್ಬ ಸಾಧಾರಣ ಮೇಷ್ಟರನ್ನು.

ರೇಖಾಗಣಿತದ ಪಾಠದಲ್ಲಿ ಅವರದೊಂದು ಕಟ್ಟಪ್ಪಣೆಯಿದ್ದಿತು. “ಚಿತ್ರ ಅಂಗೈಯಗಲ ಇರಬೇಕು ಕಣಯ್ಯ. ಸಣ್ಣದಾಗಿ ಬರೆದರೆ ಕೋನವೂ ಕಾಣದು, ತಪ್ಪೂ ಕಾಣದು” ಎನ್ನುವರು. ಆದರೆ ರಾಗಿರೊಟ್ಟಿಯ ಗಂಟು ಕಟ್ಟಿಕೊಂಡು ಹಳ್ಳಿಗಳಿಂದ ನಡೆದುಬರುತ್ತಿದ್ದ ನಮ್ಮಂಥವರಿಗೆ ಒಂದು ನೋಟುಪುಸ್ತಕವು ಮೂರು ತಿಂಗಳು ಬಾಳಲೇಬೇಕಾಗಿದ್ದುದರಿಂದ, ಪೈಥಾಗೊರಸನ ತ್ರಿಕೋನವೂ ಅದರ ಮೂರು ಬಾಹುಗಳ ಮೇಲಿನ ಚೌಕಗಳೂ ಪುಟದ ಮೂಲೆಯಲ್ಲಿ ಹುಣಿಸೆಬೀಜದಷ್ಟಾಗಿ ಮುದುಡಿಕೊಂಡಿರುತ್ತಿದ್ದವು. ಮೇಷ್ಟರು ಅದನ್ನು ನೋಡಿದರು, ಏನೂ ಅನ್ನಲಿಲ್ಲ.

ಆಮೇಲಿನ ಶನಿವಾರಗಳಲ್ಲಿ, ಶಾಲೆ ಬಿಟ್ಟ ನಂತರ, ಉಪಾಧ್ಯಾಯರ ಕೊಠಡಿಯಲ್ಲಿ ಅವರು ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನು ಬಿಚ್ಚಿಕೊಂಡು ಕುಳಿತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಬರೆಯದೆ ಉಳಿದ ಹಾಳೆಗಳನ್ನು ಹರಿದು ತೆಗೆದು, ಅಂಚು ಸರಿಗೂಡಿಸಿ, ಮೊಣಕಾಲಿನಿಂದ ಅದುಮಿ ಹಿಡಿದು, ಗೋಣಿಚೀಲ ಹೊಲಿಯುವ ದಬ್ಬಣದಿಂದ ಮೂರು ತೂತು ಮಾಡಿ, ಸೆಣಬಿನ ದಾರವನ್ನು ಪೋಣಿಸಿ, ಬೆನ್ನಿಗೆ ಗಂಟು ಬಿಗಿದು, ಮೇಲೆ ಹಳೆಯ ವೃತ್ತಪತ್ರಿಕೆಯ ರಟ್ಟು ಹಾಕುವರು. ಕೆಲವು ಹಾಳೆಗಳ ನೆತ್ತಿಯಲ್ಲಿ ಯಾರೋ ಹಿರಿಯ ವಿದ್ಯಾರ್ಥಿಯ ನಂಬರು ಹಾಗೆಯೇ ಉಳಿದಿರುತ್ತಿತ್ತು. ಈ ಪುಸ್ತಕಗಳನ್ನು ಅವರು ಬಡ ಹುಡುಗರಿಗೆ ಮಾತ್ರ ಕೊಟ್ಟಿದ್ದರೆ ಅದು ದಾನವಾಗುತ್ತಿತ್ತು, ನಾವು ತಲೆ ತಗ್ಗಿಸಿಕೊಂಡು ತೆಗೆದುಕೊಳ್ಳಬೇಕಾಗುತ್ತಿತ್ತು. ಆದುದರಿಂದ ಜವಳಿ ಅಂಗಡಿಯ ಸಾಹುಕಾರರ ಮಗನನ್ನೂ ಬಿಡದೆ ತರಗತಿಯ ಎಲ್ಲರಿಗೂ ಒಬ್ಬೊಬ್ಬರನ್ನಾಗಿ ಕರೆದು ಕೊಟ್ಟರು.

ಪ್ರಮೇಯಗಳು ಬಹುಮಟ್ಟಿಗೆ ನನಗೆ ಮರೆತುಹೋಗಿವೆ. ಆದರೆ ಯಾವುದಾದರೂ ತೊಡಕಿನ ವಿಷಯ ಎದುರಾದರೆ ಮೊದಲು ಅದನ್ನು ಕಾಗದದ ಮೇಲೆ ಅಂಗೈಯಗಲ ಬರೆದುಕೊಳ್ಳದೆ ನನಗೆ ಯೋಚನೆಯೇ ಓಡದು; ಒಂದು ಮಗ್ಗುಲು ಖಾಲಿಯಿರುವ ಹಾಳೆಯನ್ನು ಎಸೆಯಲು ಕೈ ಬಾರದು. ಮನೆಯಲ್ಲಿ ಇದಕ್ಕೆ ಜಿಪುಣತನವೆಂದು ಹೆಸರಿಟ್ಟಿದ್ದಾರೆ. ಉಪಾಧ್ಯಾಯನ ಪ್ರಭಾವವು ಬುದ್ಧಿಗಿಂತ ಹೆಚ್ಚಾಗಿ ಕೈಯಲ್ಲಿ ಉಳಿಯುವುದೆಂದು ನನ್ನ ನಂಬಿಕೆ.

ಲೋಕವಿಖ್ಯಾತರ ಜೀವನದಲ್ಲಿಯೂ ಇಂತಹ ಮೇಷ್ಟರುಗಳು ಮರೆಯಲ್ಲಿ ನಿಂತಿರುತ್ತಾರೆ. ಗೌರಿಬಿದನೂರಿನ ಬಳಿಯ ಹೊಸೂರಿನಿಂದ 1935ರಲ್ಲಿ ಎರಡು ದಿನ ಕಾಲ್ನಡಿಗೆಯಲ್ಲಿ ಬೆಂಗಳೂರಿಗೆ ಬಂದು, ನ್ಯಾಷನಲ್ ಹೈಸ್ಕೂಲನ್ನು ಸೇರಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಎಚ್. ನರಸಿಂಹಯ್ಯನವರ ಆ ನಡಿಗೆಯನ್ನು ನಾವೆಲ್ಲ ಬಲ್ಲೆವು. ಊರಿನಲ್ಲಿ ಅವರಿಗೆ ಪಾಠ ಹೇಳಿ, ಬೆಂಗಳೂರಿಗೆ ವರ್ಗವಾದ ಮೇಲೆಯೂ ಹುಡುಗನನ್ನು ಮರೆಯದೆ ಕರೆಸಿಕೊಂಡ ಎಂ. ಎಸ್. ನಾರಾಯಣರಾಯರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಮುಂಬಯಿಯ ಚರ್ನಿ ರೋಡಿನ ಉದ್ಯಾನದಲ್ಲಿ ಪುಸ್ತಕ ಹಿಡಿದು ಕುಳಿತಿರುತ್ತಿದ್ದ ಬಾಲಕ ಅಂಬೇಡ್ಕರರನ್ನು ತಾವಾಗಿ ಮಾತನಾಡಿಸಿದ ಕೃಷ್ಣಾಜಿ ಅರ್ಜುನ ಕೇಳುಸ್ಕರರಂತೂ ಆ ಹುಡುಗನ ಶಾಲೆಯ ಉಪಾಧ್ಯಾಯರೇ ಅಲ್ಲ. ಅವರಿದ್ದುದು ವಿಲ್ಸನ್ ಹೈಸ್ಕೂಲಿನಲ್ಲಿ. ತಮ್ಮ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಆ ಹುಡುಗನಿಗೆ ಅವರು ತಾವು ಮರಾಠಿಯಲ್ಲಿ ಬರೆದ ಬುದ್ಧಚರಿತ್ರೆಯನ್ನು ಉಡುಗೊರೆಯಾಗಿ ಕೊಟ್ಟರು, ಬರೋಡೆಯ ಸಯಾಜಿರಾವ್ ಮಹಾರಾಜರಿಗೆ ಹೇಳಿ ತಿಂಗಳಿಗೆ 25 ರೂಪಾಯಿಗಳ ವಿದ್ಯಾರ್ಥಿವೇತನ ಕೊಡಿಸಿದರು. 1956ರಲ್ಲಿ ನಾಗಪುರದಲ್ಲಿ ಬೌದ್ಧದೀಕ್ಷೆ ನಡೆದಾಗ ಅದನ್ನು ನೋಡಲು ಅವರು ಬದುಕಿರಲಿಲ್ಲ.

ನಮ್ಮ ಮೇಷ್ಟರ ಶಿಷ್ಯವರ್ಗದಲ್ಲಿ ಕುಲಪತಿಯೂ ಇಲ್ಲ, ಸಂವಿಧಾನಶಿಲ್ಪಿಯೂ ಇಲ್ಲ. ಒಬ್ಬನು ಅಂಚೆಯ ಕಚೇರಿಯಲ್ಲಿದ್ದಾನೆ, ಒಬ್ಬನು ಅಡಕೆ ತೋಟ ನೋಡಿಕೊಂಡಿದ್ದಾನೆ, ಸಾಹುಕಾರರ ಮಗನು ಅಪ್ಪನ ಅಂಗಡಿಯಲ್ಲಿಯೇ ಕುಳಿತಿದ್ದಾನೆ. ಈಚೆಗೆ ಒಂದು ಮದುವೆಯ ಮನೆಯಲ್ಲಿ, ಊಟ ಮುಗಿಸಿ ಎಲೆಯಡಕೆ ಹಾಕಿಕೊಳ್ಳುತ್ತ ನಾವು ಕೆಲವರು ಕುಳಿತಿದ್ದಾಗ ಆ ಹೊಲಿದ ಪುಸ್ತಕಗಳ ಮಾತು ಬಂದಿತು. “ಅದು ನನಗೆ ಅಕ್ಷರ ದುಂಡಗಿದೆಯೆಂದು ಕೊಟ್ಟ ಬಹುಮಾನವಲ್ಲವೇನೋ?” ಎಂದನು ಅಂಚೆಯವನು. ತೋಟದವನಿಗೆ ಅದು ಬೋರ್ಡು ಒರೆಸಿದ್ದಕ್ಕೆ ಸಂದ ಕೂಲಿಯೆಂದು ಹೇಳಿದ್ದರಂತೆ. ಹೀಗೆ ಒಬ್ಬೊಬ್ಬನಿಗೂ ಒಂದೊಂದು ಕಾರಣವನ್ನು ಕಿವಿಯಲ್ಲಿ ಹೇಳಿದ್ದ ಆ ಪುಣ್ಯಾತ್ಮರು, ಶಾಯಿ ಈ ಕಾಗದದಲ್ಲಿ ಹರಡುವುದೋ ಇಲ್ಲವೋ ಬರೆದು ನೋಡಿ ತಿಳಿಸೆಂದು ನನ್ನನ್ನು ಪರೀಕ್ಷಕನನ್ನಾಗಿ ನೇಮಿಸಿದ್ದರು; ನಾನು ವರ್ಷವಿಡೀ, ಪ್ರತಿ ಸೋಮವಾರವೂ ತಪ್ಪದೆ, ಬಹು ಗಾಂಭೀರ್ಯದಿಂದ ಅವರಿಗೆ ವರದಿ ಒಪ್ಪಿಸುತ್ತಿದ್ದೆನು.