ಒಳಗೆ ಬಿಟ್ಟ ಒಂದಿಂಚು

“ಒಳಗೆ ಒಂದಿಂಚು ಬಿಟ್ಟಿದ್ದೀನಿ ಕಣಮ್ಮಾ. ನಾಳೆ ಮೈ ಬಂದ್ರೆ ತಂದ್ಕೊಡಿ, ಬಿಚ್ಚಿ ಹೊಲ್ಕೊಡ್ತೀನಿ.”

ತುಮಕೂರಿನ ಎಂ.ಜಿ. ರಸ್ತೆಯ ಪಕ್ಕದ ಗಲ್ಲಿಯಲ್ಲಿ ನಮ್ಮ ಟೈಲರ್ ಹೀಗೆಂದು ಚಿಕ್ಕಮ್ಮನ ರವಿಕೆ ಮಡಿಸಿಟ್ಟರು. ಕುಣಿಗಲ್ಲಿನಲ್ಲಿ ಮದುವೆ. ಗುಬ್ಬಿಯಿಂದ ಚಿಕ್ಕಮ್ಮ ಮಗಳ ಜೊತೆ ಬಂದಿದ್ದರು. ಹುಡುಗಿ ಬೆಂಗಳೂರಿನಲ್ಲಿ ಸೀರೆ ಅಂಗಡಿಗಳ ಜಾಹೀರಾತಿಗೆ ಮಾಡೆಲ್. ಈಗ ತನ್ನದೇ ಹೆಸರಲ್ಲಿ ರವಿಕೆ ಹೊಲಿಸಿ ಮಾರುವ ಆಸೆ. ಅವಳ ರವಿಕೆಯ ಉಳಿದ ಕೈಹೊಲಿಗೆ ಮುಗಿಯುವವರೆಗೆ ಬೆಂಚಿನ ಮೇಲೆ ಕೂತೆವು. ಆಗ ಮೆಲ್ಲಗೆ ಕೇಳಿದಳು: “ಅಕ್ಕಾ, ಎಲ್ರೂ ಚೆನ್ನಾಗಿ ಕಾಣ್ತೀಯ ಅಂತಾರೆ. ನಂಗೆ ಮಾತ್ರ ಒಂದಿನಾನೂ ಹಾಗನ್ನಿಸಿಲ್ಲ. ಇಂಥೋಳು ಬೇರೆಯವರಿಗೆ ಬಟ್ಟೆ ಮಾರೋದು ಹೇಗೆ?”

ನನಗೆ ತಕ್ಷಣ ನೆನಪಾದವರು ದೀಪಿಕಾ ಪಡುಕೋಣೆ. ಹೆಸರಿನಲ್ಲಿರುವ ಪಡುಕೋಣೆ ಕುಂದಾಪುರದ ಕಡೆಯ ಊರು. ತಂದೆ ಪ್ರಕಾಶ್ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದವರು. ಮಗಳು ರ‍್ಯಾಕೆಟ್ ಕೆಳಗಿಟ್ಟು ಮಾಡೆಲಿಂಗಿಗೆ ಬಂದರು. ಬೆಂಗಳೂರಿನ ಫ್ಯಾಷನ್ ತಜ್ಞ ಪ್ರಸಾದ್ ಬಿದ್ದಪ್ಪ ಕೈಹಿಡಿದು ನಡೆಸಿದರು. 2006ರಲ್ಲಿ ಕನ್ನಡದ ‘ಐಶ್ವರ್ಯ’, ಮರುವರ್ಷವೇ ‘ಓಂ ಶಾಂತಿ ಓಂ’. ಆ ಹಿಂದಿ ಚಿತ್ರದಲ್ಲಿ ಮುಖ ಅವರದು, ದನಿ ಡಬ್ಬಿಂಗ್ ಕಲಾವಿದೆಯದು. ದೇಶವೆಲ್ಲ ಮೆಚ್ಚಿದ ಆ ನಾಯಕಿಯಲ್ಲಿ ತನ್ನ ದನಿಯೇ ಇಲ್ಲದಿದ್ದರೆ ಇಪ್ಪತ್ತೊಂದರ ಹುಡುಗಿಗೆ ಏನನ್ನಿಸಬೇಕು? ನನಗೆ ಈಗಲೂ ಕರುಳು ಚುರುಕ್ ಅನ್ನುತ್ತದೆ.

2013ರಲ್ಲಿ ಸಾಲು ಸಾಲು ಗೆಲುವು. 2014ರ ಆರಂಭದಲ್ಲಿ ಬೆಳಗ್ಗೆ ಏಳುವುದೇ ಕಷ್ಟವಾಯಿತು. ಹೊಟ್ಟೆಯೊಳಗೆ ಎಂಥದೋ ಖಾಲಿ ಖಾಲಿ. ಗುರುತು ಹಿಡಿದವರು ತಾಯಿ ಉಜ್ಜಲಾ. ಅದು ಖಿನ್ನತೆ, ಕಾಯಿಲೆ. ಅದಕ್ಕೆ ವೈದ್ಯರೇ ಬೇಕು. ನಮ್ಮ ಹುಡುಗಿಯದು ಅನುಮಾನ, ಅದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೆ ಹೊರಗಿನ ಚಪ್ಪಾಳೆ ಒಳಗಿನ ಹಳ್ಳ ಮುಚ್ಚುವುದಿಲ್ಲ ಅನ್ನುವುದು ಎರಡಕ್ಕೂ ಸಲ್ಲುವ ಮಾತು. ದೀಪಿಕಾ ತಮ್ಮ ಖಿನ್ನತೆಯನ್ನು 2015ರಲ್ಲಿ ಬಾಯಿಬಿಟ್ಟು ಹೇಳಿದರು, ‘ಲಿವ್ ಲವ್ ಲಾಫ್’ ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ ಹಳ್ಳಿಗಾಡಿನ ಕೆಲಸ ಶುರುವಾದದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ. ಅದೇ 2015ರಲ್ಲಿ ಬೆಂಗಳೂರಿನ ಆನ್‌ಲೈನ್ ಉಡುಪಿನಂಗಡಿ ಮಿಂತ್ರಾ ಜೊತೆ ‘ಆಲ್ ಅಬೌಟ್ ಯು’ ಎಂಬ ಉಡುಪಿನ ಬ್ರ್ಯಾಂಡನ್ನೂ ತಂದರು. ಕನ್ನಡದಲ್ಲಿ ಹೇಳಿದರೆ ‘ಎಲ್ಲಾ ನಿನ್ನದೇ ವಿಷಯ’. ಇಷ್ಟು ವರ್ಷ ಎಲ್ಲರೂ ತನ್ನನ್ನೇ ನೋಡಿದ ಮೇಲೆ, ಬಟ್ಟೆಗೆ ‘ನೀನು’ ಅಂತ ಹೆಸರಿಟ್ಟದ್ದು ನನಗೆ ಬಹಳ ಹಿಡಿಸಿತು.

ನೋಡಿಸಿಕೊಳ್ಳುವುದು ಅಂದಾಗ ಮದುವೆಯ ಊರೂ ನೆನಪಾಯಿತು. ಕುಣಿಗಲ್ ಅಂದರೆ ಕುದುರೆ ಫಾರಂ. ಟಿಪ್ಪುವಿನ ಕಾಲದ ದಂಡಿನ ಕುದುರೆಗಳಿಂದ ರೇಸಿನ ಕುದುರೆಗಳವರೆಗೆ ಅಲ್ಲಿಯ ಹೆಸರು ನಡೆದು ಬಂದಿದೆ. ಕೊಳ್ಳುವವರು ಮರಿಯನ್ನು ನಡೆಸಿ, ಕಾಲು ನೋಡಿ, ವಂಶ ಕೇಳಿ ಬೆಲೆ ಕಟ್ಟುತ್ತಾರೆ. ಕುದುರೆ ಆಮೇಲೆ ಹೋಗಿ ಹುಲ್ಲು ಮೇಯುತ್ತದೆ. ಮನುಷ್ಯರ ಮಗುವಿಗೆ ಹಾಗಾಗದು; ನೋಡಿದವರ ಕಣ್ಣು ಮನೆಗೂ ಜೊತೆಗೆ ಬರುತ್ತದೆ, ರಾತ್ರಿ ಕನ್ನಡಿಯಲ್ಲಿ ನಿಲ್ಲುತ್ತದೆ.

ನೋಡುವವರ ಕಣ್ಣೆದುರು ನಿಲ್ಲುವ ವಿದ್ಯೆ ನಮ್ಮ ಚಿಕ್ಕಮ್ಮನ ಊರಾದ ಗುಬ್ಬಿಯವರಿಗೆ ಹಳೆಯದು. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿನ ಮನೆಮಾತಾಗಿಸಿದ ವೀರಣ್ಣನವರು ಹೆಸರು ಮಾಡಿದ್ದು ರಾಜನ ಕಿರೀಟದಿಂದಲ್ಲ, ‘ಸದಾರಮೆ’ಯ ಕಳ್ಳನ ಪಾತ್ರದಿಂದ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಬಿ.ವಿ. ಕಾರಂತರು ಆ ಕಂಪನಿಯ ಅನ್ನ ಉಂಡವರು. ಪರದೆ ಏಳುವ ಮುಂಚೆ ಎದೆ ಡವಗುಟ್ಟದ ನಟ ಎಲ್ಲಿದ್ದಾನೆ? ಆದರೆ ಅಲ್ಲಿ ಒಂದು ಅನುಕೂಲವಿತ್ತು: ಉಡುಪು ಪಾತ್ರದ್ದು, ಬಿಚ್ಚಿಟ್ಟರೆ ಮುಗಿಯಿತು. ಮಾಡೆಲ್‌ಗೆ ಬಿಚ್ಚಿಡಲು ಪಾತ್ರವೇ ಇಲ್ಲ. ಬಟ್ಟೆ ಮೊದಲೇ ಒಂದು ಅಳತೆಗೆ ಸಿದ್ಧವಾಗಿರುತ್ತದೆ. ಮೈಯೇ ಅದಕ್ಕೆ ಹೊಂದಬೇಕು. ಹೊಂದದಿದ್ದರೆ ತಪ್ಪು ಬಟ್ಟೆಯದಲ್ಲ, ನಿನ್ನದು. ವರ್ಷಗಟ್ಟಲೆ ಹೀಗೆ ಅಳೆಸಿಕೊಂಡವಳಿಗೆ ತನ್ನ ಮೇಲೆ ಅನುಮಾನ ಬರದೆ ಇನ್ನೇನು?

ರೆಡಿಮೇಡ್ ಉಡುಪಿನವರೂ ಮೊದಲು ಒಂದೇ ಮಾದರಿ ಅಳತೆಗೆ ಕತ್ತರಿಸುತ್ತಾರೆ. ಆಮೇಲೆ ಅದನ್ನೇ ಹಿಗ್ಗಿಸಿ ಕುಗ್ಗಿಸಿ ಉಳಿದ ಸೈಜುಗಳು. ದಪ್ಪ ತೋಳು, ಇಳಿದ ಭುಜ, ಹೆರಿಗೆಯಾದ ಹೊಟ್ಟೆ ಆ ಲೆಕ್ಕದಲ್ಲಿ ಸುಲಭಕ್ಕೆ ಸಿಗವು. ಅಳತೆಗೆ ಸಿಗದ ನೋವು ಉಂಡವಳಿಗಿಂತ ಇದನ್ನು ಚೆನ್ನಾಗಿ ಬಲ್ಲವರು ಯಾರು? ಅದಕ್ಕೇ ಅವಳಿಗೆ ಹೇಳಿದೆ: “ನಿನ್ನ ಅನುಮಾನ ಪೂರ್ತಿ ಹೋಗಲಿ ಅಂತ ಕಾಯಬೇಡ ಕಣೆ. ಇಷ್ಟು ದಿನ ಟೇಪು ನಿನ್ನ ಸುತ್ತ ಇತ್ತು. ಈಗ ನಿನ್ನ ಕೈಗೆ ತಗೋ.”

ಅವಳು ಏನೂ ಅನ್ನಲಿಲ್ಲ. ಚಿಕ್ಕಮ್ಮನ ರವಿಕೆ ಎತ್ತಿಕೊಂಡು ಒಳಮೈ ಹೊರಗೆ ಮಾಡಿ, ಹೊಲಿಗೆಯಾಚೆ ಉಳಿದ ಬಟ್ಟೆಯನ್ನು ಬೆರಳಲ್ಲಿ ಸವರಿ ನೋಡಿದಳು. ಆಮೇಲೆ ಟೈಲರ್ ಕಡೆ ತಿರುಗಿ ಕೇಳಿದಳು: “ಅಣ್ಣಾ, ಎಲ್ರಿಗೂ ಒಂದೇ ಇಂಚು ಬಿಡ್ತೀರಾ?”

ಅವರು ದಾರ ಕಚ್ಚಿ ಕತ್ತರಿಸಿ ಹೇಳಿದರು: “ಇಲ್ಲಮ್ಮಾ. ಬೆಳೆಯೋ ಮಕ್ಕಳಿಗೆ ಇನ್ನೂ ಜಾಸ್ತಿ ಬಿಡ್ತೀನಿ.”