ಹತ್ತಿಯ ಕಿವಿ

ನಮ್ಮ ಚಂದ್ರಬಂಡದಲ್ಲಿ ಮೊಲ ಸಾಕ್ತೀವಿ ಅಂದ್ರೆ ಜನ ನಗ್ತಾರೆ. ಎಮ್ಮೆ ಹಾಲು ಕೊಡ್ತದ, ಕುರಿ ರೊಕ್ಕ ಕೊಡ್ತದ, "ಇದು ಏನ್ ಕೊಡ್ತದವ್ವ?" ಅಂತ ಕೇಳ್ತಾರೆ. ಮೊಲ ಬೆಳ್ಳಗಿದೆ ಅಂತ ತಂಗಿ ಹತ್ತಿ ಅಂತ ಹೆಸರಿಟ್ಟಳು. ರಾಯಚೂರು ಸೀಮೆಯಲ್ಲಿ ಆ ಹೆಸರಿನದೇ ಒಂದು ತೊಂದರೆ. ಹಾಸ್ಟೆಲ್‌ನಿಂದ ಫೋನ್ ಮಾಡಿ "ಹತ್ತಿ ಹ್ಯಾಂಗದ?" ಅಂದ್ರೆ ಪಕ್ಕದವರು ಕ್ವಿಂಟಲ್ ರೇಟು ಕೇಳ್ತಾರೆ.

ಮೇ ತಿಂಗಳ ರಜೆಯಲ್ಲಿ ಹತ್ತಿ ತಲೆ ಒದರೋಕೆ ಶುರು ಮಾಡ್ತು. ಹಿಂಗಾಲಿನಿಂದ ಕಿವಿ ಕೆರೆದು ಕೆರೆದು ರಕ್ತ. ಒಳಗೆ ನೋಡಿದ್ರೆ ಕಂದು ಬಣ್ಣದ ಹಕ್ಕಳೆ, ಒಣಗಿದ ಬೆಲ್ಲದ ಪಾಕದ ಹಾಗೆ ಪದರ ಪದರ. ಬಲಗಿವಿ ಭಾರಕ್ಕೆ ಕೆಳಗೆ ಜೋತಿತ್ತು. ಬುಟ್ಟಿಯಲ್ಲಿ ಕೂರಿಸಿಕೊಂಡು ಬಸ್ ಹತ್ತಿ ರಾಯಚೂರಿಗೆ ಹೋದ್ವಿ.

ದಿನಾ ಎಮ್ಮೆ, ಕುರಿ ನೋಡೋ ಡಾಕ್ಟರ್ ಅವರು. ಆದ್ರೂ ನಗಲಿಲ್ಲ. ಇದು ಸೊರೊಪ್ಟಿಸ್ ಅನ್ನೋ ನುಸಿ, ಕಿವಿಯಲ್ಲೇ ಮೊಟ್ಟೆ ಇಟ್ಟು ಅಲ್ಲೇ ಸಂಸಾರ ಮಾಡ್ತದೆ ಅಂದ್ರು. ಹಕ್ಕಳೆ ಕೀಳಬಾರದು, ಕಿತ್ತರೆ ಚರ್ಮವೇ ಬರ್ತದೆ, ನುಸಿ ಸತ್ತ ಮೇಲೆ ತಾನೇ ಉದುರ್ತದೆ. ಯಾರೋ ಹೇಳಿದ್ದ ನಾಯಿ ಉಣ್ಣೆ ಸ್ಪ್ರೇ ಬಗ್ಗೆ ಕೇಳಿದ್ವಿ. ಅದರಲ್ಲಿ ಫಿಪ್ರೊನಿಲ್ ಇದ್ರೆ ಮೊಲ ಸತ್ತೇ ಹೋಗಬಹುದು, ಮುಟ್ಟಬೇಡಿ ಅಂದ್ರು.

ಕೊಟ್ಟ ಔಷಧ ಐವರ್ಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದದ್ದು. ಇದರ ಹಿಂದಿನ ಕೆಲಸಕ್ಕೆ ಸತೋಶಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ನಮ್ಮ ಕಡೆ ಇದು ಕುರಿ ಔಷಧ, ಅಷ್ಟೇ. ಆದ್ರೆ ಹತ್ತಿಯ ತೂಕ ಒಂದೂವರೆ ಕಿಲೋ. ಕಿಲೋಗೆ 0.2 ಮಿಲಿಗ್ರಾಂ ಅಂದ್ರೆ 0.3 ಮಿಲಿಗ್ರಾಂ. ಬಾಟಲಿಯಲ್ಲಿರೋದು ಪ್ರತಿ ಎಂಎಲ್‌ಗೆ 10 ಮಿಲಿಗ್ರಾಂ. ಬೇಕಾಗಿದ್ದು 0.03 ಎಂಎಲ್! ಡಾಕ್ಟರ್ ಇನ್ಸುಲಿನ್ ಸಿರಿಂಜು ತರಿಸಿದ್ರು. ಲ್ಯಾಬ್‌ನಲ್ಲಿ ಡೆಸಿಮಲ್ ತಪ್ಪಿದ್ರೆ ಒಂದು ಮಾರ್ಕು ಹೋಗ್ತದೆ, ಇಲ್ಲಿ ಏನು ಹೋಗ್ತದೆ ಅಂತ ಆವಾಗ ಹೊಳೀತು. ಔಷಧ ಮೊಟ್ಟೆಗಳನ್ನ ಕೊಲ್ಲಲ್ಲ, ಅದಕ್ಕೇ ಎರಡು ವಾರಕ್ಕೊಂದರಂತೆ ಮೂರು ಇಂಜೆಕ್ಷನ್.

ನಮ್ಮ ನಿಜವಾದ ಹೆದರಿಕೆ ನುಸಿ ಅಲ್ಲ, ಬಿಸಿಲು. ಮೊಲ ನಮ್ಮ ಹಾಗೆ ಬೆವರಲ್ಲ. ಕಿವಿಯ ರಕ್ತನಾಳಗಳಿಂದಲೇ ಮೈಯ ಬಿಸಿ ಹೊರಗೆ ಹಾಕ್ತದೆ. ಮೆಕ್ಯಾನಿಕಲ್‌ನವರಿಗೆ ಹೇಳೋದಾದ್ರೆ ಅದು ಅದರ ರೇಡಿಯೇಟರ್. ಹೊರಗೆ 40 ಡಿಗ್ರಿ ದಾಟಿದೆ, ರೇಡಿಯೇಟರ್‌ಗೇ ಹಕ್ಕಳೆ ಕಟ್ಟಿದೆ. ಅಜ್ಜಿ ಹಳೇ ಮಣ್ಣಿನ ಗಡಿಗೆಯನ್ನ ಅಡ್ಡ ಮಲಗಿಸಿ ಮೇಲೆ ಒದ್ದೆ ಗೋಣಿಚೀಲ ಹೊದಿಸಿದಳು. ಹತ್ತಿ ಮಧ್ಯಾಹ್ನ ಪೂರ್ತಿ ಅದರೊಳಗೇ. ಗೋಣಿ ಒಣಗಿದ ಹಾಗೆ ನೀರು ಚಿಮುಕಿಸೋದು ನಮ್ಮ ಪಾಳಿ. ಅದೇ ಬಿಸಿಲಲ್ಲಿ ಅದರ ಪೆಟ್ಟಿಗೆಯನ್ನ ಮಾತ್ರ ಮಾಳಿಗೆ ಮೇಲೆ ಒಣಹಾಕಿದ್ವಿ, ನುಸಿ ಅಲ್ಲೂ ಉಳಿದಿರ್ತದೆ ಅಂತ. ಹಾಸಿದ್ದ ಬಟ್ಟೆ ಕುದಿಸಿದ್ವಿ.

ಮೊದಲ ಇಂಜೆಕ್ಷನ್ ಆಗಿ ಮೂರನೇ ದಿನ ತಿನ್ನೋದು ಬಿಡ್ತು. ಮೊಲದ ಕರುಳು ನಿಲ್ಲಬಾರದು, ನಿಂತರೆ ಒಂದೆರಡು ದಿನದಲ್ಲೇ ಜೀವಕ್ಕೆ ಬರ್ತದೆ. ಹಿಕ್ಕೆ ಎಣಿಸಿ ಅಂತ ಡಾಕ್ಟರ್ ಫೋನಿನಲ್ಲಿ ಹೇಳಿದ್ರು. ಹಳೇ ರೆಕಾರ್ಡ್ ಬುಕ್ಕಿನ ಹಿಂದೆ ಕಾಲಂ ಹಾಕಿ ಎಣಿಸಿದ್ವಿ. ಆ ರಾತ್ರಿಯ ಕಾಲಂನಲ್ಲಿ ಒಂಬತ್ತು ಗಂಟೆಗೆ ಸೊನ್ನೆ, ಹನ್ನೆರಡಕ್ಕೆ ಸೊನ್ನೆ. ತಂಗಿ ಅಳಲಿಲ್ಲ, ಮಾತೂ ಆಡಲಿಲ್ಲ. ಮೆಂತ್ಯ, ಕೊತ್ತಂಬರಿ, ಶೇಂಗಾ ಬಳ್ಳಿ, ಒಂದೊಂದೇ ಮೂಗಿಗೆ ಹಿಡಿದು ಕೂತಳು. ಹತ್ತಿ ಮೂಗು ಆಡಿಸೋದು, ಮುಖ ತಿರುಗಿಸೋದು. ಮೂರೂವರೆಗೆ ಕೊತ್ತಂಬರಿ ಕಡ್ಡಿ ಒಂದು ಕಚ್ಚಿತು. ಐದಕ್ಕೆ ನಾಲ್ಕು ಹಿಕ್ಕೆ. ಅಜ್ಜಿ ಎದ್ದು ಬಂದು ನೋಡಿ, "ಪಿಚ್ಚಿಗಿ ಇಷ್ಟ್ ಖುಷಿ ಪಡೋರ್ನ ನಾ ನೋಡಿಲ್ಲ" ಅಂದಳು. ಆಮೇಲೆ ತಾನೇ ಎಣಿಸಿದಳು.

ಎರಡನೇ ಇಂಜೆಕ್ಷನ್ ಹೊತ್ತಿಗೆ ಹಕ್ಕಳೆ ತುಂಡು ತುಂಡಾಗಿ ಉದುರಿ, ಕೆಳಗೆ ಗುಲಾಬಿ ಚರ್ಮ ಕಂಡಿತು. ಮೂರನೆಯದಕ್ಕೆ ಹೋಗೋ ಮುಂಚೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ವಿ: 1 ಕಿಲೋ 700 ಗ್ರಾಂ. ಎರಡೂ ಕಿವಿ ನೆಟ್ಟಗೆ, ಬಲಗಿವಿಯ ತುದಿ ಮಾತ್ರ ಸ್ವಲ್ಪ ಮಡಚಿದೆ. ಅಂಗಡಿಯವರು ಕಲ್ಲು ತೆಗೀತಾ, "ಛಲೋ ಮೈ ಬಂದದ, ಕೊಡ್ತೀರೇನು?" ಅಂದ್ರು. ತಂಗಿ ಈಗ ಆ ಅಂಗಡಿಗೆ ಸಕ್ಕರೆ ತರೋಕೂ ಹೋಗಲ್ಲ.